ಎರಡೂ ಬೆಂಕಿಯ ಕಲ್ಲೇ, ಆದ್ರೆ ಒಂದು ಚುಕ್ಕಿ ಚುಕ್ಕಿ, ಇನ್ನೊಂದು ಕರ್ರಗೆ ಯಾಕೆ?

ಹೋದ ಸಂಚಿಕೇಲಿ ಯಾವ್ದೋ ಪ್ರಶ್ನೆಗೆ ಉತ್ತರ ಬರೀತಾ "ಗ್ರಾನೈಟೂ ಬೆಸಾಲ್ಟೂ ಎರಡೂ ಅಗ್ನಿಶಿಲೆಗಳೇ" ಅಂತ ಒಂದು ಸಾಲು ಗೀಚಿ ಮುಂದಕ್ಕೆ ಹೋಗಿದ್ದೆ. ಅಷ್ಟೇ ಸಾಕಾಯ್ತು ನೋಡಿ, ಈ ಸಲ ಬಂದಿರೋ ಕಾಗದ, ಮೇಲ್, ವಾಟ್ಸಾಪ್ ಎಲ್ಲದರಲ್ಲೂ ಕಲ್ಲೇ ಕಲ್ಲು, ಒಬ್ಬರಂತೂ ಪಾರ್ಸಲ್ ಮಾಡಿ ಕಲ್ಲನ್ನೇ ಕಳ್ಸಿದಾರೆ, ಅದನ್ನ ಮೂರನೇ ಮಹಡಿಗೆ ಹೊತ್ಕೊಂಡ್ ಬಂದ ಕೊರಿಯರ್ ಹುಡುಗ ನನ್ನ ಮುಖ ನೋಡಿದ ರೀತಿ ಮರೆಯೋ ಹಾಗಿಲ್ಲ. ಹಂಗಾಗಿ ಬಾಕಿ ಪ್ರಶ್ನೆಗಳನ್ನ ಮುಂದಿನ ಸಲಕ್ಕಿಟ್ಟು ಈ ಸಲ ಪೂರ್ತಿ ಇದೇ ಮಾತಾಡೋಣ.

ಪ್ರಶ್ನೆ: ಸರ್, ನನ್ನ ತವರು ರಾಮನಗರ, ಮದುವೆ ಆಗಿ ಬಂದಿದ್ದು ವಿಜಯಪುರಕ್ಕೆ, ಇಲ್ಲೇ ಒಂದು ಹೈಸ್ಕೂಲಲ್ಲಿ ಪಾಠ ಮಾಡ್ತೀನಿ. ಗ್ರಾನೈಟ್, ಬೆಸಾಲ್ಟ್ ಎರಡೂ ಶಿಲಾಪಾಕ, ಅಂದ್ರೆ ಕರಗಿದ ಕಲ್ಲು, ತಣ್ಣಗಾಗಿ ಆದ ಕಲ್ಲು ಅಂತ ಹೇಳ್ತಿದ್ದಾಗ ಒಬ್ಬ ಹುಡುಗ ಎದ್ದು "ಎರಡೂ ಬೆಂಕಿಯಿಂದಾನೇ ಹುಟ್ಟಿದ್ರ ಒಂದ್ಯಾಕ ಚುಕ್ಕಿ ಚುಕ್ಕಿ, ಇನ್ನೊಂದ್ಯಾಕ ಕರ್ರಗ ಅದ ರೀ ಮಿಸ್?" ಅಂದ. ನಂಗೂ ಅನ್ನಿಸ್ತು, ನಮ್ಮೂರ ಬೆಟ್ಟ ಎಲ್ಲ ಗುಂಡು ಗುಂಡು, ಇಲ್ಲಿ ನೋಡಿದಷ್ಟು ದೂರಾನೂ ಚಪ್ಪಟೆ. ನಾಳೆ ಹೇಳ್ತೀನಿ ಅಂತ ಅವನನ್ನ ಕೂರ್ಸಿದೀನಿ. (ವಿಜಯಪುರದಿಂದ ಒಬ್ಬ ಟೀಚರ್)

ಉತ್ತರ: ಮೇಡಂ, ನಿಮ್ಮ ಆ ನಾಳೆ ಕಳೆದು ಒಂದು ತಿಂಗಳಾಗಿರುತ್ತೆ, ಹುಡುಗ ಮಾತ್ರ ಮರೆತಿರಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ ಥರ ಕಾಣುತ್ತೆ, ಒಳಗೆ ಎರಡಿದಾವೆ. ಚುಕ್ಕಿ ಯಾಕೆ ಅನ್ನೋದು ಒಂದು, ಕಪ್ಪು ಯಾಕೆ ಅನ್ನೋದು ಇನ್ನೊಂದು. ಎರಡಕ್ಕೂ ಕಾರಣ ಬೇರೆ ಬೇರೆ. ನಾನು ಕಾಲೇಜಲ್ಲಿ ಭೂವಿಜ್ಞಾನ ಪಾಠ ಮಾಡ್ತಿದ್ದ ಅಷ್ಟೂ ವರ್ಷ ಪರೀಕ್ಷೆ ಪೇಪರಲ್ಲಿ ಈ ಎರಡನ್ನೂ ಕಲಸಿ ಚಿತ್ರಾನ್ನ ಮಾಡೋರನ್ನೇ ನೋಡಿದೀನಿ, ಅದಕ್ಕೇ ಮೊದ್ಲು ಬಿಡಿಸಿ ಇಡ್ತೀನಿ.

ಚುಕ್ಕಿ ವಿಷ್ಯ ತುಪ್ಪದಲ್ಲಿದೆ. ಮನೇಲಿ ಬೆಣ್ಣೆ ಕಾಯ್ಸಿ ತುಪ್ಪ ಮಾಡ್ತೀವಲ್ಲ, ಇಳ್ಸಿ ಅಡುಗೆಮನೆ ಮೂಲೇಲಿ ಮುಚ್ಚಿ ಸುಮ್ನೆ ಬಿಟ್ರೆ ಮಾರನೇ ದಿನ ಮರಳು ಮರಳಾಗಿ ಹರಳು ಕಟ್ಟಿರುತ್ತೆ, ಅದೇ ತುಪ್ಪನ ಬಿಸಿಬಿಸಿ ಇದ್ದಾಗ್ಲೇ ಫ್ರಿಜ್ಜಿಗೆ ತಳ್ಳಿದ್ರೆ ಮೇಣದ ಥರ ನುಣ್ಣಗೆ ಗಟ್ಟಿ ಆಗುತ್ತೆ. ತುಪ್ಪ ಅದೇ, ತಣ್ಣಗಾದ ವೇಗ ಬೇರೆ. ಕಲ್ಲಿನ ಕಥೆನೂ ಇಷ್ಟೇ. ನಿಮ್ಮ ತವರಿನ ಗ್ರಾನೈಟು ನೆಲದ ಕೆಳಗೆ ಕಿಲೋಮೀಟರ್‌ಗಟ್ಲೆ ಆಳದಲ್ಲಿ, ಮೇಲೆ ಕಲ್ಲಿನ ಕಂಬಳಿ ಹೊದ್ಕೊಂಡು, ಲಕ್ಷಾಂತರ ವರ್ಷ ಸಾವಕಾಶವಾಗಿ ತಣ್ಣಗಾಗಿದ್ದು, ಹಂಗಾಗಿ ಒಂದೊಂದು ಖನಿಜಕ್ಕೂ ಬೆಳೆಯೋಕೆ ಬೇಕಾದಷ್ಟು ಟೈಮ್ ಸಿಕ್ತು. ಬೂದು ಗಾಜಿನ ಥರ ಹೊಳೆಯೋದು ಬೆಣಚು, ಗುಲಾಬಿ ಅಥವಾ ಬಿಳಿ ಬಣ್ಣದ್ದು ಫೆಲ್ಡ್‌ಸ್ಪಾರ್, ಕಪ್ಪಗೆ ಪದರ ಪದರವಾಗಿ ಮಿಂಚೋದು ನಾವು ಚಿಕ್ಕವರಿದ್ದಾಗ ಉಗುರಲ್ಲಿ ಕಿತ್ತು ಜೇಬಿಗೆ ಹಾಕ್ಕೊಳ್ತಿದ್ದ ಕಾಗೆಬಂಗಾರ. ರಾಮನಗರದ ಕಡೆ ಕೆಲವು ಬಂಡೇಲಿ ಗುಲಾಬಿ ಫೆಲ್ಡ್‌ಸ್ಪಾರ್ ಹರಳು ಹೆಬ್ಬೆರಳು ಗಾತ್ರ ಇರುತ್ತೆ, ಮುಂದಿನ ಸಲ ಊರಿಗೆ ಹೋದಾಗ ರೋಡ್ ಕಡಿದಿರೋ ಜಾಗದಲ್ಲಿ ನಿಂತು ನೋಡಿ.

ವಿಜಯಪುರದ ಬೆಸಾಲ್ಟ್ ಹಂಗಲ್ಲ, ಅದು ನೆಲದ ಮೇಲೆ ಲಾವಾ ಆಗಿ ಹರಿದು ಗಾಳಿಗೆ ಬಿದ್ದ ಕಲ್ಲು. ತೆಳು ಪದರ ಆದ್ರೆ ಬೇಗ ಗಟ್ಟಿಯಾಗುತ್ತೆ. ದಪ್ಪ ಇದ್ರೆ ಎಷ್ಟು ದಿನ ಅಂದ್ರೆ, ಹವಾಯಿಯಲ್ಲಿ 1959ರಲ್ಲಿ ಕಿಲವೇಯಾ ಇಕಿ ಅನ್ನೋ ಕುಳಿ ತುಂಬ ಲಾವಾ ತುಂಬ್ಕೊಂಡು ನೂರು ಮೀಟರ್‌ಗೂ ಆಳದ ಕೆರೆ ಆಯ್ತು, ಅದು ತಳದವರೆಗೂ ಗಟ್ಟಿ ಆಗೋಕೆ ಮೂವತ್ತು ವರ್ಷದ ಮೇಲೇ ಹಿಡೀತು. ನಮ್ಗೆ ಮೂವತ್ತು ವರ್ಷ ಜಾಸ್ತಿ, ಗ್ರಾನೈಟಿನ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸಿದಷ್ಟು. ಹಂಗಾಗಿ ಬೆಸಾಲ್ಟಲ್ಲೂ ಹರಳು ಇದಾವೆ, ಇಲ್ಲ ಅಂತಲ್ಲ, ಆದ್ರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ.

ಇದನ್ನ ಮೊದ್ಲು ಒಲೆ ಮೇಲಿಟ್ಟು ತೋರಿಸಿದೋರು ಸ್ಕಾಟ್ಲೆಂಡಿನ ಜೇಮ್ಸ್ ಹಾಲ್. ಆ ಕಾಲಕ್ಕೆ ಯುರೋಪಲ್ಲಿ ದೊಡ್ಡ ಜಗಳ, ಜರ್ಮನಿಯ ವರ್ನರ್ ಕಡೆಯವರು ಬೆಸಾಲ್ಟ್ ಅಂದ್ರೆ ಸಮುದ್ರದ ನೀರಲ್ಲಿ ಗಸಿ ಥರ ಕೆಳಗೆ ಕೂತು ಆದ ಕಲ್ಲು ಅಂತಿದ್ರು, ಹಾಲ್ ಅವರ ಸ್ನೇಹಿತ ಜೇಮ್ಸ್ ಹಟನ್ ಮಾತ್ರ ಅಲ್ಲಪ್ಪ ಅದು ಬೆಂಕಿಯ ಕಲ್ಲು ಅಂತಿದ್ರು. ಹಾಲ್‌ಗೆ ಕುಲುಮೇಲಿ ಕರಗಿಸಿ ನೋಡೇಬಿಡೋಣ ಅಂತ ಆಸೆ, ಆದ್ರೆ ಭೂಮಿ ಒಳಗೆ ನಡೆಯೋದನ್ನ ಸಣ್ಣ ಮೂಸೆಯಲ್ಲಿ ಅಳೆಯೋಕಾಗುತ್ತಾ ಅಂತ ಹಟನ್‌ಗೆ ಅದು ಇಷ್ಟ ಇರ್ಲಿಲ್ಲ. ಹಿರಿಯರ ಮಾತು ಅಂತ ಹಾಲ್ ಸುಮ್ನಿದ್ದು, 1797ರಲ್ಲಿ ಹಟನ್ ತೀರ್ಕೊಂಡ ಮೇಲೆ ಪ್ರಯೋಗ ಮಾಡಿ ಮುಂದಿನ ವರ್ಷ ಹೇಳಿದ್ರು: ಕರಗಿಸಿದ ಕರಿಕಲ್ಲನ್ನ ಬೇಗ ತಣ್ಣಗೆ ಮಾಡಿದ್ರೆ ಗಾಜು, ನಿಧಾನಕ್ಕೆ ತಣ್ಣಗಾಗೋಕೆ ಬಿಟ್ರೆ ಮತ್ತೆ ಹರಳುಳ್ಳ ಕಲ್ಲು. ಸ್ನೇಹಿತ ಬೇಡ ಅಂದ ಪ್ರಯೋಗದಿಂದಾನೇ ಸ್ನೇಹಿತನ ಮಾತು ಗೆದ್ದಿದ್ದು. ಈ ಕಥೆ ಹುಡುಗರಿಗೆ ಹೇಳಿ, ಖನಿಜಗಳ ಪಟ್ಟಿಗಿಂತ ಚೆನ್ನಾಗಿ ನೆನಪಿರುತ್ತೆ.

ಇನ್ನು ಬಣ್ಣ. ಅದು ತಣ್ಣಗಾದ ವೇಗದ್ದಲ್ಲ, ಪಾಕದೊಳಗೆ ಏನಿತ್ತು ಅನ್ನೋದರದ್ದು. ಗ್ರಾನೈಟಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸು ಸಿಲಿಕಾ (ಬೆಣಚು ಆಗಿರೋದೇ ಇದರಿಂದ), ಬೆಸಾಲ್ಟಲ್ಲಿ ಐವತ್ತರ ಹತ್ತಿರ. ಆ ಕಮ್ಮಿ ಆದ ಜಾಗದಲ್ಲಿ ಬೆಸಾಲ್ಟಿಗೆ ಬಂದು ಕೂತಿರೋದು ಕಬ್ಬಿಣ, ಮೆಗ್ನೀಷಿಯಂ, ಕ್ಯಾಲ್ಸಿಯಂ. ಕಬ್ಬಿಣ, ಮೆಗ್ನೀಷಿಯಂ ಇರೋ ಖನಿಜಗಳು ಕಪ್ಪು ಅಥವಾ ಹಸಿರುಗಪ್ಪು, ಹಂಗಾಗಿ ಕಲ್ಲೂ ಕಪ್ಪು, ತೂಕಾನೂ ಜಾಸ್ತಿ. ಉದ್ದ ಅಗಲ ಎತ್ತರ ಹತ್ತು ಹತ್ತು ಸೆಂಟಿಮೀಟರ್ ಇರೋ ಗ್ರಾನೈಟ್ ತುಂಡು ಸುಮಾರು 2.7 ಕೆಜಿ ಬಂದ್ರೆ ಅಷ್ಟೇ ಬೆಸಾಲ್ಟ್ 2.9ರಿಂದ 3 ಕೆಜಿ ತೂಗುತ್ತೆ.

ಈ ಸಿಲಿಕಾನೇ ಇನ್ನೊಂದು ಕಿತಾಪತಿನೂ ಮಾಡುತ್ತೆ. ಸಿಲಿಕಾ ಜಾಸ್ತಿ ಇದ್ರೆ ಪಾಕ ಅಂಟಂಟು, ಹಲಸಿನ ಮೇಣದ ಥರ, ಮೇಲಕ್ಕೆ ಬರೋಕೆ ಆಗ್ದೆ ಬಹುಪಾಲು ಒಳಗೇ ಸಿಕ್ಕಾಕ್ಕೊಂಡು ಗ್ರಾನೈಟ್ ಆಗುತ್ತೆ. ಸಿಲಿಕಾ ಕಮ್ಮಿ ಇರೋ ಬೆಸಾಲ್ಟ್ ಪಾಕ 1100, 1200 ಡಿಗ್ರಿ ಸೆಲ್ಸಿಯಸ್ ಬಿಸೀಲಿ ನೀರ್ ದೋಸೆ ಹಿಟ್ಟಿನ ಥರ ಹರಡ್ಕೊಂಡು ಹೋಗುತ್ತೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹಂಗೇ ಹರಡಿದ್ದೇ ಡೆಕ್ಕನ್ ಟ್ರಾಪ್, ಒಂದು ಬೆಟ್ಟದ ಬಾಯಿಂದಲ್ಲ, ನೆಲ ಸೀಳಿ ಉಕ್ಕಿದ್ದು, ಒಂದರ ಮೇಲೊಂದು ಪದರ. ಮಹಾರಾಷ್ಟ್ರದ ಘಟ್ಟದಲ್ಲಿ ಆ ರಾಶಿ ಒಂದೂವರೆ ಕಿಲೋಮೀಟರ್‌ಗೂ ದಪ್ಪ ಇದೆ, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿಗೆ ಬರೋ ಹೊತ್ತಿಗೆ ಅಂಚು, ತೆಳ್ಳಗಾಗಿದೆ. ಸವೆದು ಉಳಿದಿರೋದೇ ಸುಮಾರು ಐದು ಲಕ್ಷ ಚದರ ಕಿಲೋಮೀಟರ್. ಟ್ರಾಪ್ ಅನ್ನೋದು ಮೆಟ್ಟಿಲು ಅನ್ನೋ ಅರ್ಥದ ಸ್ವೀಡಿಷ್ ಪದದಿಂದ ಬಂದಿದ್ದು, ನಿಮ್ಮ ಕಡೆ ಗುಡ್ಡದ ತಲೆ ಚಪ್ಪಟೆ, ಬದಿ ಮೆಟ್ಟಿಲು ಮೆಟ್ಟಿಲು ಇರೋದು ಆ ಪದರಗಳಿಂದಾನೇ.

ರಾಮನಗರದ್ದು ಇದಕ್ಕಿಂತ ಬಹಳ ಹಳೇದು, ಸುಮಾರು 250 ಕೋಟಿ ವರ್ಷ. ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್ ಅನ್ನೋ ಅಧಿಕಾರಿಯ ಹೆಸರಲ್ಲಿ ನಿಮ್ಮೂರಿಗೆ ಕ್ಲೋಸ್‌ಪೇಟೆ ಅಂತಿದ್ರು, ಊರು ಹೆಸರು ಬದಲಾಯಿಸ್ಕೊಂಡ್ರೂ ಕಲ್ಲಿಗೆ ಮಾತ್ರ ಪ್ರಪಂಚದಲ್ಲೆಲ್ಲ ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾನೇ ಹೆಸರು. ಕನಕಪುರದ ಕಡೆಯಿಂದ ಹಿಡಿದು ಹಂಪಿ ದಾಟೋವರೆಗೂ ನಾಡಿನ ಬೆನ್ನುಮೂಳೆ ಥರ ಉದ್ದಕ್ಕೆ ಹೋಗಿದೆ, ಅಂದ್ರೆ ನಿಮ್ಮ ತವರಿನ ಬಂಡೆಗೂ ಹಂಪಿ ಬಂಡೆಗೂ ನೆಂಟಸ್ತಿಕೆ ಇದೆ. ಮೇಲಿದ್ದ ಕಲ್ಲೆಲ್ಲ ಕೋಟ್ಯಂತರ ವರ್ಷ ಮಳೆಗೆ ಕೊಚ್ಚಿ ಹೋದ್ಮೇಲೆ ಭಾರ ಇಳಿದು ಗ್ರಾನೈಟ್ ಹಿಗ್ಗಿ ಸೀಳು ಬಿಡುತ್ತೆ, ಸೀಳೊಳಗೆ ನೀರಿಳಿದು ಮೂಲೆಗಳು ಮೊದ್ಲು ಕರಗುತ್ವೆ, ಚೌಕದ ದಿಮ್ಮಿ ಗುಂಡಾಗುತ್ತೆ, ಈರುಳ್ಳಿ ಸಿಪ್ಪೆ ಥರ ಪದರ ಕಳಚ್ತಾ ಹೋಗುತ್ತೆ. ಬೆಂಗಳೂರಿನ ಸುತ್ತಮುತ್ತ ಕಲ್ಲು ಒಡೆಯೋರು ಬಂಡೆ ಮೇಲೆ ಸೌದೆ ಬೆಂಕಿ ಹಾಕಿ, ಆ ಬೆಂಕಿನ ನಿಧಾನಕ್ಕೆ ಮುಂದೆ ಮುಂದೆ ಸರಿಸ್ತಾ ಇಡೀ ಚಪ್ಪಡಿ ಎಬ್ಬಿಸ್ತಿದ್ರು, ಸುತ್ತಿಗೆ ಸದ್ದಲ್ಲೇ ಎಲ್ಲಿವರೆಗೆ ಬಿಟ್ಟಿದೆ ಅಂತ ಹೇಳ್ತಿದ್ರು. ನನ್ನ ಪ್ರಕಾರ ಅವರೇ ನಿಜವಾದ ಭೂವಿಜ್ಞಾನಿಗಳು, ನಾವು ಪೇಪರ್ ಬರೆಯೋರು.

ಕ್ಲಾಸಲ್ಲಿ ತೋರಿಸ್ಬೇಕಾ? ಹುಡುಗರಿಗೆ ಊರ ಕಲ್ಲು ಒಂದು ತರೋಕೆ ಹೇಳಿ, ನೀವು ತವರಿಂದ ಒಂದು ತನ್ನಿ, ಹೊಸದಾಗಿ ಒಡೆದ ಮುಖಾನೇ ನೋಡ್ಬೇಕು, ಹಳೇ ಮುಖ ಬಿಸಿಲು ಮಳೆಗೆ ಬಣ್ಣ ಬದಲಾಯಿಸಿ ಮೋಸ ಮಾಡುತ್ತೆ. ಹುಷಾರು, ಯಾರಾದ್ರೂ ಶಹಾಬಾದ್ ಕಲ್ಲು ತಂದೇ ತರ್ತಾರೆ. ಅದು ಅಗ್ನಿಶಿಲೆನೇ ಅಲ್ಲ, ಸುಣ್ಣಕಲ್ಲು, ನೀರಲ್ಲಿ ಕೂತು ಆಗಿದ್ದು, ಮೊಳೆಯಲ್ಲಿ ಗೀರಿದ್ರೆ ಗೀರು ಬೀಳುತ್ತೆ. ವರ್ನರ್ ಅದನ್ನ ನೋಡಿದ್ರೆ ಖುಷಿ ಪಡ್ತಿದ್ರು.

ಪ್ರಶ್ನೆ: ಮನೆ ಕಟ್ಟಿಸ್ತಾ ಇದೀವಿ. ಕಿಚನ್ ಕಟ್ಟೆಗೆ ಬ್ಲ್ಯಾಕ್ ಗ್ರಾನೈಟ್ ಅಂತ ನಾನು, ಬೇರೆ ಕಲರ್ ಅಂತ ಯಜಮಾನ್ರು. ಗ್ರಾನೈಟ್ ಅಂದ್ರೆ ತಿಳಿ ಬಣ್ಣ ಅಂತ ನೀವೇ ಬರ್ದಿದ್ರಿ, ಹಂಗಾದ್ರೆ ಬ್ಲ್ಯಾಕ್ ಗ್ರಾನೈಟ್ ಎಲ್ಲಿಂದ ಬಂತು? (ಮೈಸೂರಿನ ಓದುಗರು)

ಉತ್ತರ: ಅಮ್ಮಾ, ಅದು ಗ್ರಾನೈಟೇ ಅಲ್ಲ. ಕಲ್ಲಿನ ವ್ಯಾಪಾರದಲ್ಲಿ ಗಟ್ಟಿಯಾಗಿದ್ದು ಪಾಲಿಶ್ ಕೂರೋದೆಲ್ಲ ಗ್ರಾನೈಟೇ, ಮಿಕ್ಕಿದ್ದು ಮಾರ್ಬಲ್. ಚಾಮರಾಜನಗರ, ಕನಕಪುರ ಕಡೆಯಿಂದ ಬರೋ ಹೆಸರುವಾಸಿ ಕರಿಕಲ್ಲು ಬಹುಪಾಲು ಡಾಲರೈಟ್. ಮೇಲೆ ಟೀಚರ್‌ಗೆ ಹೇಳಿದ ಲೆಕ್ಕ ನೆನಪಿಟ್ಕೊಳಿ, ಪಾಕ ಬೇರೆ, ತಣ್ಣಗಾದ ಜಾಗ ಬೇರೆ. ಡಾಲರೈಟಿನ ಪಾಕ ಅಂದ್ರೆ ಬೆಸಾಲ್ಟಿಂದೇ, ಅದೇ ಕಬ್ಬಿಣ ಅದೇ ಕಪ್ಪು, ಆದ್ರೆ ಮೇಲಕ್ಕೆ ಬಂದು ಹರೀಲಿಲ್ಲ, ಹಳೇ ಕಲ್ಲಿನ ಬಿರುಕಿನೊಳಗೆ ನುಗ್ಗಿ ಅಲ್ಲೇ ಗೋಡೆ ಥರ ನಿಂತ್ಕೊಳ್ತು. ಬೆಸಾಲ್ಟಿಗಿಂತ ನಿಧಾನ, ಗ್ರಾನೈಟಿಗಿಂತ ಬೇಗ ತಣ್ಣಗಾಯ್ತು, ಹಂಗಾಗಿ ಹರಳೂ ನಡುಗಾತ್ರ. ಅದೇ ಪಾಕ ಇನ್ನೂ ಆಳದಲ್ಲಿ ಪೂರ್ತಿ ನಿಧಾನಕ್ಕೆ ತಣ್ಣಗಾಗಿದ್ರೆ ದಪ್ಪ ಹರಳಿನ ಗ್ಯಾಬ್ರೋ ಅಂತಿದ್ವಿ. ಅಂಗಡಿಯವನಿಗೆ ಹೋಗಿ "ಡಾಲರೈಟ್ ಕೊಡಿ" ಅನ್ಬೇಡಿ, ಎರಡು ರೂಪಾಯಿ ಜಾಸ್ತಿ ಹೇಳ್ತಾನೆ.

ಕಟ್ಟೆಗೆ ಎರಡೂ ಒಳ್ಳೇದೇ. ನಿಂಬೆಹಣ್ಣು, ಹುಣಸೆಹುಳಿ ಬಿದ್ರೆ ಮಾರ್ಬಲ್ ಮುಖ ಕೆಡುತ್ತೆ, ಇವಕ್ಕೆ ಏನೂ ಆಗಲ್ಲ. ತಿಳಿ ಬಣ್ಣದ ನಿಜವಾದ ಗ್ರಾನೈಟಲ್ಲಿ ಎಣ್ಣೆ, ಅರಿಶಿನದ ಕಲೆ ಸ್ವಲ್ಪ ಇಳಿಯುತ್ತೆ, ಸೀಲರ್ ಹಾಕಿಸ್ಬೇಕು. ಆದ್ರೆ ಕರಿದು ತಗೊಳೋವಾಗ ಒಂದು ವಿಷ್ಯ ನೋಡ್ಕೊಳಿ. ನನ್ನ ತಂಗಿ ಮನೆಗೆ ಒಂದು ಅಂಗಡಿಯಿಂದ ಕಾಡಿಗೆ ಥರ ಕಪ್ಪಗಿರೋ ಸ್ಲ್ಯಾಬ್ ತಂದ್ವಿ, ನಾನೇ ಜೊತೆಗಿದ್ದೆ, ಭೂವಿಜ್ಞಾನದ ಮೇಷ್ಟ್ರು ಅಂತ ಮೀಸೆ ತಿರುವ್ಕೊಂಡು ಆರಿಸಿದ್ದು ನಾನೇ. ಆರು ತಿಂಗಳಿಗೆ ಸಿಂಕ್ ಸುತ್ತ ಬೂದು ಬೂದು ಆಯ್ತು, ನೋಡಿದ್ರೆ ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡ್ಸಿದ್ರು. ತಂಗಿ ಇವತ್ತಿಗೂ ನಂಗೆ ಕಾಫಿ ಕೊಡೋವಾಗ ಲೋಟನ ಆ ಜಾಗದಲ್ಲೇ ಇಡ್ತಾಳೆ. ನೇಲ್ ಪಾಲಿಶ್ ತೆಗೆಯೋ ಅಸಿಟೋನಲ್ಲಿ ಹತ್ತಿ ಅದ್ದಿ ಸ್ಲ್ಯಾಬ್ ಮೇಲೆ ಚೆನ್ನಾಗಿ ಉಜ್ಜಿ, ಹತ್ತಿಗೆ ಕಪ್ಪು ಹತ್ತಿದ್ರೆ ನಮಸ್ಕಾರ ಹೇಳಿ ಬನ್ನಿ.

ಪ್ರಶ್ನೆ: ಮಲ್ಪೆಯಿಂದ ಬೋಟಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ವಿ. ಅಲ್ಲಿರೋ ಕಲ್ಲಿನ ಕಂಬಗಳು ಬೆಸಾಲ್ಟ್ ಅಂತ ಗೈಡ್ ಹೇಳಿದ್ರು, ಆದ್ರೆ ಕಪ್ಪಗೇನೂ ಇರ್ಲಿಲ್ಲ. ಹಾಗಾದ್ರೆ ಅದು ಗ್ರಾನೈಟಾ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಗೈಡ್ ಹೇಳಿದ್ದೂ ತಪ್ಪು, ನೀನು ಊಹಿಸಿದ್ದೂ ತಪ್ಪು, ಆದ್ರೆ ಬಣ್ಣ ನೋಡಿ ಡೌಟ್ ಬಂತಲ್ಲ, ಅದಕ್ಕೆ ಶಹಬ್ಬಾಸ್. ಅದು ರಯೋಲೈಟ್, ಕೆಲವರು ಡೇಸೈಟ್ ಕಡೆಗೆ ಎಳೀತಾರೆ. ರಯೋಲೈಟ್ ಅಂದ್ರೆ ಗ್ರಾನೈಟಿನ ಪಾಕ, ಆದ್ರೆ ಬೇಗ ತಣ್ಣಗಾಗಿದ್ದು. ಡಾಲರೈಟಿನ ಉಲ್ಟಾ ಕೇಸು ಅನ್ಕೋ. ಸಿಲಿಕಾ ಜಾಸ್ತಿ, ಹಂಗಾಗಿ ಬಣ್ಣ ತಿಳಿ. ಟೈಮ್ ಸಿಗ್ಲಿಲ್ಲ, ಹಂಗಾಗಿ ಹರಳು ಸಣ್ಣ.

ಕಂಬ ಕಂಡ ತಕ್ಷಣ ಬೆಸಾಲ್ಟ್ ಅನ್ನೋ ಅಭ್ಯಾಸಕ್ಕೆ ಕಾರಣ ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ, ಪ್ರಪಂಚದಲ್ಲೆಲ್ಲ ಅದರ ಫೋಟೋನೇ, ಅದು ಬೆಸಾಲ್ಟೇ. ಆದ್ರೆ ಕಂಬ ಕಟ್ಟೋದು ಕಲ್ಲಿನ ಜಾತಿಯಲ್ಲ, ತಣ್ಣಗಾಗೋವಾಗ ಕುಗ್ಗೋದು. ಬೇಸಿಗೇಲಿ ಕೆರೆ ಬತ್ತಿದಾಗ ತಳದ ಜೇಡಿ ಬಿರಿದು ಐದು ಮೂಲೆ ಆರು ಮೂಲೆ ತುಂಡಾಗಿರೋದು ನೋಡಿರ್ತೀಯಲ್ಲ, ಆ ಬಿರುಕು ಮೇಲಿಂದ ಆಳಕ್ಕೆ ಇಳೀತಾ ಹೋದ್ರೆ ಕಂಬ. ಮಲ್ಪೆಯ ಈ ಕಲ್ಲಿಗೆ ಸುಮಾರು 8.8 ಕೋಟಿ ವರ್ಷ ವಯಸ್ಸು, ಆಗ ಮಡಗಾಸ್ಕರ್ ನಮ್ಮ ಕರಾವಳಿಯಿಂದ ಕಿತ್ಕೊಂಡು ಹೋಗ್ತಾ ಇತ್ತು, ಆ ಸೀಳುವಿಕೆಯ ಜೊತೆಗೇ ಬಂದ ಜ್ವಾಲಾಮುಖಿಯ ಗುರುತು ಅದು, ಡೆಕ್ಕನ್ ಟ್ರಾಪಿಗಿಂತ ಎರಡು ಕೋಟಿ ವರ್ಷಕ್ಕೂ ಹಳೇದು. ವಾಸ್ಕೋ ಡ ಗಾಮ ಅಲ್ಲಿ ಇಳಿದ ಕಥೆ ಎಲ್ರಿಗೂ ಬರುತ್ತೆ, ಮಡಗಾಸ್ಕರ್ ಹೊರಟ ಕಥೆ ಯಾರಿಗೂ ಬರಲ್ಲ. ಇನ್ನೊಂದು, ಕಂಬದ ತುಂಡು ಮನೆಗೆ ತರಬೇಡ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಪ್ರಶ್ನೆ: ಸರ, ನಮ್ದು ಆಳಂದ ತಾಲೂಕ. ಬಾವಿ ತೋಡಿದ್ರ ಮೊದಲ ಕರಿಕಲ್ಲ, ಆಮ್ಯಾಲ ಒಂದ ಕೆಂಪ ಮಣ್ಣಿನ ಪಟ್ಟಿ, ಮತ್ತ ಕರಿಕಲ್ಲ ಬರ್ತದ. ನನ್ನ ಅಳಿಯ ಕೋಲಾರದಾಗ ಇರ್ತಾನ, ಅಲ್ಲಿ ಸಾವಿರ ಫೂಟ್ ಬೋರ್ ಹೊಡದ್ರೂ ನೀರ ಇಲ್ಲ ಅಂತಾನ. ಕಲ್ಲಿಗೂ ನೀರಿಗೂ ಏನ ಸಂಬಂಧ? (ಕಲಬುರಗಿ ಜಿಲ್ಲೆಯ ರೈತರು)

ಉತ್ತರ: ಕಾಕಾ, ನಿಮ್ಮ ಬಾವಿ ಗೋಡೇಲಿ ಇರೋದನ್ನ ನೋಡೋಕೆ ನಮ್ಮ ವಿದ್ಯಾರ್ಥಿಗಳನ್ನ ಬಸ್ಸಲ್ಲಿ ಕರ್ಕೊಂಡ್ ಬರ್ತಿದ್ವಿ. ಆ ಕೆಂಪು ಪಟ್ಟಿ ಅಂದ್ರೆ ಒಂದು ಲಾವಾ ಪದರಕ್ಕೂ ಮುಂದಿನ ಪದರಕ್ಕೂ ನಡುವೆ ಬಿಡುವು ಸಿಕ್ಕಾಗ ಕೆಳಗಿನ ಕಲ್ಲು ಮಣ್ಣಾಗಿ, ಆಮೇಲೆ ಮೇಲೆ ಬಂದ ಬಿಸಿ ಲಾವಾ ಅದನ್ನ ಇಟ್ಟಿಗೆ ಥರ ಸುಟ್ಟಿದ್ದು. ಪ್ರತಿ ಪದರದ ತಲೆಯ ಭಾಗದಲ್ಲಿ ಗಾಳಿ ಗುಳ್ಳೆ ಎದ್ದು ತೂತು ತೂತು ಇರುತ್ತೆ, ಹೊಟ್ಟೆ ಭಾಗ ಗಟ್ಟಿ. ತೂತುಗಳು ಒಂದಕ್ಕೊಂದು ಕೂಡಿ, ಕಲ್ಲು ಸ್ವಲ್ಪ ಕೊಳೆತು ಬಿರುಕೂ ಇದ್ರೆ ಅಲ್ಲಿ ನೀರು ನಿಲ್ಲುತ್ತೆ, ಗಟ್ಟಿ ಹೊಟ್ಟೆ ಸಿಕ್ರೆ ಇಲ್ಲ. ಹಂಗಾಗಿ ನಿಮ್ಮ ಕಡೆ ನೀರು ಮಹಡಿ ಮನೆ ಥರ, ಅಂತಸ್ತು ಅಂತಸ್ತಾಗಿ.

ಕೋಲಾರದ ಕಡೆ ಗ್ರಾನೈಟು, ಗ್ರಾನೈಟಿನ ಅಣ್ಣ ನೈಸು (ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಾಯಿಸಿದ ಕಲ್ಲು). ಅದರಲ್ಲಿ ಪದರಾನೂ ಇಲ್ಲ, ತೂತೂ ಇಲ್ಲ. ಮೇಲಿನ ಕೊಳೆತ ಮೊರಂನಲ್ಲಿ ಒಂದಿಷ್ಟು, ಅದರ ಕೆಳಗೆ ಬರೀ ಬಿರುಕಲ್ಲಿ. ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಬಿರುಕು ಕಮ್ಮಿ ಆಗ್ತಾ ಹೋಗುತ್ತೆ, ಅಪರೂಪಕ್ಕೆ ಆಳದಲ್ಲೂ ಒಂದು ಒಳ್ಳೇ ಬಿರುಕು ಸಿಗುತ್ತೆ, ಅದೊಂದು ಲಾಟರಿ ನಂಬ್ಕೊಂಡು ಜನ ಸಾವಿರ ಅಡಿ ಇಳೀತಾರೆ. ನಿಮ್ಮ ಅಳಿಯಂದಿರಿಗೆ ಹೇಳಿ, ತೆಂಗಿನಕಾಯಿ ಇಟ್ಟು ನೋಡೋರಿಗಿಂತ ಹಳೇ ಕೆರೆ ಕಟ್ಟಿದೋರಿಗೆ ಆ ಕಲ್ಲು ಚೆನ್ನಾಗಿ ಅರ್ಥ ಆಗಿತ್ತು. ನಿಮ್ಮ ಪಕ್ಕದ ಬೀದರಲ್ಲೂ ಇನ್ನೊಂದು ಬುದ್ಧಿವಂತಿಕೆ ಇದೆ, ಅಲ್ಲಿ ಬೆಸಾಲ್ಟ್ ಮೇಲೆ ಸ್ಪಂಜಿನಂಥ ಜಂಬಿಟ್ಟಿಗೆ ಕಲ್ಲು, ಮಳೆ ನೀರು ಅದರೊಳಗೆ ಇಳಿದು ಕೆಳಗೆ ಹೋಗೋಕಾಗ್ದೆ ನಿಂತ್ಕೊಳುತ್ತೆ, ಬಹಮನಿಗಳ ಕಾಲದ ಸುರಂಗ ಬಾವಿ ಆ ಸಂದಿಯ ನೀರನ್ನೇ ಊರಿಗೆ ತಂದಿದ್ದು.

ನೀವು ಕೇಳ್ದೆ ಇದ್ರೂ ಮಣ್ಣಿನ ವಿಷ್ಯ ಹೇಳ್ತೀನಿ. ಬೆಸಾಲ್ಟಲ್ಲಿ ಬೆಣಚು ಇಲ್ಲ ಅನ್ನೋ ಹಾಗೆ, ಹಂಗಾಗಿ ಅದು ಕೊಳೆತ್ರೆ ಮರಳು ಬರಲ್ಲ, ಬರೀ ಜೇಡಿ, ಅದೇ ನಿಮ್ಮ ಎರೆ. ನೀರು ಕುಡಿದು ಉಬ್ಬುತ್ತೆ, ಬೇಸಿಗೇಲಿ ಕಾಲು ಸಿಕ್ಕೋವಷ್ಟು ಬಿರಿಯುತ್ತೆ, ಹಿಂಗಾರಿಗೆ ಒಳಗಿನ ತೇವದಲ್ಲೇ ಬಿಳಿಜೋಳ ಬೆಳ್ಕೊಡುತ್ತೆ. ಗ್ರಾನೈಟ್ ಕೊಳೆತ್ರೆ ಬೆಣಚು ಮಾತ್ರ ಕರಗ್ದೆ ಮರಳಾಗಿ ಉಳಿಯುತ್ತೆ, ಅದೇ ಮಸಾರಿ, ನೀರು ನಿಲ್ಲಲ್ಲ, ರಾಗಿ, ಶೇಂಗಾಕ್ಕೆ ಸರಿ. ಎಲ್ಲ ಎರೆ ಭೂಮಿ ಕೆಳಗೂ ಬೆಸಾಲ್ಟೇ ಇರ್ಬೇಕು ಅಂತಿಲ್ಲ, ಗದಗ, ಬಳ್ಳಾರಿ ಕಡೆ ಬೇರೆ ಕಲ್ಲಿನ ಮೇಲೂ ಎರೆ ಇದೆ.

ಪ್ರಶ್ನೆ: ಹಳೇಬೀಡಲ್ಲಿ ಅಷ್ಟು ನಾಜೂಕು ಕೆತ್ತನೆ, ಹಂಪೀಲಿ ಯಾಕೆ ಅಷ್ಟಿಲ್ಲ? ಶಿಲ್ಪಿಗಳು ಕಮ್ಮಿನಾ? (ಹಾಸನ)

ಉತ್ತರ: ಶಿಲ್ಪಿಗಳು ಕಮ್ಮಿ ಅಲ್ಲ, ಕಲ್ಲು ಬಗ್ಗಲ್ಲ. ಹಳೇಬೀಡಿಂದು ಬಳಪದ ಕಲ್ಲು, ಅಗ್ನಿಶಿಲೆ ಅಲ್ಲ, ಗಣಿಯಿಂದ ತೆಗೆದಾಗ ಮೆತ್ತಗೆ, ಸರದ ಮಣಿ ಮಣಿನೂ ಬಿಡಿಸ್ಬಹುದು. ಹಂಪಿಯ ಗ್ರಾನೈಟಲ್ಲಿ ಒಂದು ಹರಳು ಬೆಣಚು, ಪಕ್ಕದ್ದು ಫೆಲ್ಡ್‌ಸ್ಪಾರ್, ಒಂದೊಂದರ ಗಡಸುತನ ಒಂದೊಂದು, ಉಳಿ ಇಟ್ರೆ ಇಡೀ ಹರಳೇ ಹಾರಿ ಹೋಗುತ್ತೆ. ಅದಕ್ಕೇ ಗ್ರಾನೈಟಲ್ಲಿ ದೊಡ್ಡದಾಗಿ ಯೋಚ್ನೆ ಮಾಡ್ಬೇಕು, ಶ್ರವಣಬೆಳಗೊಳದ 57 ಅಡಿ ಗೊಮ್ಮಟನ ಥರ. ಅಂಥ ಕಲ್ಲಲ್ಲಿ ಆ ಮುಗುಳ್ನಗೆ ಹೇಗೆ ತಂದ್ರೋ ನಂಗೆ ಇವತ್ತಿಗೂ ಆಶ್ಚರ್ಯ. ಬೆಸಾಲ್ಟಿಗೆ ಉದಾಹರಣೆ ಬೇಕಾದ್ರೆ ವಿಜಯಪುರದ ಇಬ್ರಾಹಿಂ ರೋಜಾ ನೋಡಿ, ಕಲ್ಲು ಗಟ್ಟಿನೇ, ಆದ್ರೆ ಹರಳು ಸಣ್ಣ, ಎಲ್ಲ ಕಡೆ ಒಂದೇ ಸಮ, ಹಂಗಾಗಿ ಅಕ್ಷರ ಎಲ್ಲ ಚೂಪಾಗಿ ನಿಂತಿದಾವೆ.

ಪ್ರಶ್ನೆ: ಅಂಕಲ್, ಅಥಣಿ ಹತ್ರ ಗುಡ್ಡದಲ್ಲಿ ನಂಗೆ ಸಿಕ್ಕ ಕಲ್ಲು ಕಳಿಸ್ತಿದೀನಿ. ಹೊರಗೆ ಕಪ್ಪು, ಒಡೆದ್ರೆ ಒಳಗೆ ಬಿಳಿ ಹರಳು. ವಜ್ರನಾ? (8ನೇ ಕ್ಲಾಸ್)

ಉತ್ತರ: ಪುಟ್ಟ, ಪಾರ್ಸಲ್ ಬಂತು. ವಜ್ರ ಅಲ್ಲ, ಬೇಜಾರಾಗ್ಬೇಡ. ಲಾವಾ ಒಳಗೆ ಗುಳ್ಳೆ ಇರುತ್ತೆ ಅಂತ ಮೇಲೆ ಆ ಅಜ್ಜನಿಗೆ ಹೇಳಿದ್ನಲ್ಲ, ಆ ಗುಳ್ಳೆ ಖಾಲಿ ಉಳಿದು, ಆಮೇಲೆ ಬಹಳ ಕಾಲ ಕಲ್ಲೊಳಗೆ ಓಡಾಡಿದ ನೀರು ತಾನು ಕರಗಿಸ್ಕೊಂಡಿದ್ದನ್ನ ಅಲ್ಲಿ ಹರಳಾಗಿ ಇಳಿಸಿ ಹೋಗುತ್ತೆ. ಬೆಣಚು, ಅಗೇಟ್, ಜಿಯೋಲೈಟ್, ಕ್ಯಾಲ್ಸೈಟ್, ಹೀಗೆ ಯಾವ್ದಾದ್ರೂ. ನಿಂದು ಯಾವ್ದು ಅಂತ ನೋಡೋಕೆ ಎರಡು ಕೆಲಸ ಮಾಡ್ದೆ, ವಿನೆಗರ್ ಹನಿ ಹಾಕ್ದೆ, ಗುಳ್ಳೆ ಏಳ್ಲಿಲ್ಲ, ಹಂಗಾಗಿ ಕ್ಯಾಲ್ಸೈಟ್ ಅಲ್ಲ. ಗಾಜಿನ ಮೇಲೆ ಗೀರ್ದೆ, ಗಾಜಿಗೆ ಸರಿಯಾಗಿ ಗೀರು ಬಿತ್ತು, ಹಂಗಾಗಿ ಬೆಣಚು. (ಆ ಗಾಜು ನಮ್ಮ ಟೀಪಾಯಿಂದು, ಮನೇಲಿ ಇನ್ನೂ ಗೊತ್ತಾಗಿಲ್ಲ.) ಇಂಥ ತುಂಬಿದ ಗುಳ್ಳೆಗೆ ವಿಜ್ಞಾನಿಗಳು ಇಟ್ಟಿರೋ ಹೆಸರಿನ ಮೂಲ ಗ್ರೀಕಿನ ಬಾದಾಮಿ, ಆಕಾರ ಹಂಗಿರೋದಕ್ಕೆ. ನಮ್ಮ ಬಾದಾಮಿ ಊರಿನ ಕಲ್ಲಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಮರಳುಗಲ್ಲು.

ನಿಂಗೆ ಇನ್ನೊಂದು ಹೇಳ್ಲಾ? ಹುಣ್ಣಿಮೆ ಚಂದ್ರನಲ್ಲಿ ಮೊಲ ಕಾಣುತ್ತಲ್ಲ, ಆ ಕಪ್ಪು ಮಚ್ಚೆ ಇಡೀ ಬೆಸಾಲ್ಟ್, ನಿಮ್ಮೂರ ಗುಡ್ಡದ ಜಾತೀದೇ. ಇಲ್ಲಿ ಸಮುದ್ರದ ತಳದಲ್ಲೂ ಬೆಸಾಲ್ಟೇ. ಗ್ರಾನೈಟ್ ರಾಶಿ ರಾಶಿ ಸಿಗೋದು ಮಾತ್ರ ಭೂಮೀಲೇ, ಅದಕ್ಕೆ ಕಲ್ಲನ್ನ ಮತ್ತೆ ಮತ್ತೆ ಕರಗಿಸ್ಬೇಕು, ನೀರೂ ಬೇಕು. ಕಲ್ಲು ವಾಪಸ್ ಕಳಿಸ್ತಿದೀನಿ, ಅಡ್ರೆಸ್ ಸರಿಯಾಗಿ ಬರಿ, ಪಿನ್‌ಕೋಡಲ್ಲಿ ಒಂದು ನಂಬರ್ ಕಮ್ಮಿ ಇದೆ.

ತಿದ್ದುಪಡಿ: ಮೂರು ತಿಂಗಳ ಹಿಂದೆ ಲಾಲ್‌ಬಾಗಿನ ಬಂಡೆನ ಗ್ರಾನೈಟ್ ಅಂತ ಬರ್ದಿದ್ದೆ. ಬೆಂಗಳೂರಿನ ಇಬ್ಬರು ಓದುಗರು ಹಿಡಿದು ಹಾಕಿದಾರೆ. ಅದು ನೈಸ್, ಸುಮಾರು 300 ಕೋಟಿ ವರ್ಷದ್ದು, ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಾಯಿಸಿದ ಕಲ್ಲು. ಹತ್ರ ಹೋಗಿ ನೋಡಿದ್ರೆ ಬಿಳಿ ಕಪ್ಪು ಪಟ್ಟೆ ಎಳೆದ ಹಾಗೆ ಕಾಣುತ್ತೆ, ಗ್ರಾನೈಟಲ್ಲಿ ಚುಕ್ಕಿ, ಇದರಲ್ಲಿ ಪಟ್ಟೆ. ಪಕ್ಕದಲ್ಲೇ ಬೋರ್ಡ್ ಇದೆ, ಅದರ ಮುಂದೆ ನಿಂತು ನಾನೇ ಫೋಟೋ ತೆಗೆಸ್ಕೊಂಡಿದೀನಿ, ಆದ್ರೂ ತಪ್ಪು ಬರ್ದೆ.